ಎಲೆ ನೋಡಿ ಬಡಿಸಿದವಳು

ಹೊಳೆಯ ದಂಡೆಯ ಆ ಮಠದಲ್ಲಿ ಹಸಿದು ಬಂದವರಿಗೆಲ್ಲ ಊಟವಿತ್ತು. ಬಡಿಸುವವರಿಗೆ ಮಠದ ಅಜ್ಜನವರು ವಿಧಿಸಿದ್ದ ನಿಯಮ ಒಂದೇ.

“ಎಲಿ ನೋಡಿ ಬಡಿಸ್ರಿ. ಮುಖಾ ನೋಡಬ್ಯಾಡ್ರಿ.”

ಮುಖ ನೋಡಿದ ಕೈ ಸಾಹುಕಾರನಿಗೆ ತುಪ್ಪವನ್ನು ಧಾರಾಳವಾಗಿ ಸುರಿಯುತ್ತದೆ, ಕೂಲಿಯವನಿಗೆ ಸಾರನ್ನು ತೆಳ್ಳಗೆ ಬಿಡುತ್ತದೆ ಎಂಬುದನ್ನು ಅವರು ಕಂಡಿದ್ದರು.

ಆ ನಿಯಮವನ್ನು ಬಾಳವ್ವನಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿರಲಿಲ್ಲ. ತಂದೆತಾಯಿಗಳಿಲ್ಲದ ಆಕೆ ಮಠದಲ್ಲಿಯೇ ಬೆಳೆದವಳು, ಅಜ್ಜನವರ ಶಿಷ್ಯೆ. ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ತಲೆ ಎತ್ತದೆ ಬಡಿಸುತ್ತ ಹೋಗುತ್ತಿದ್ದಳು.

ಪ್ರಾಯಕ್ಕೆ ಬಂದಾಗ ಅಜ್ಜನವರೇ ಮುಂದೆ ನಿಂತು ಆಕೆಯನ್ನು ಆಚೆ ದಂಡೆಯ ಫಕೀರಪ್ಪನಿಗೆ ಮದುವೆ ಮಾಡಿಕೊಟ್ಟರು. ಆತ ಹೆಂಡತಿಯನ್ನು ಕಳೆದುಕೊಂಡ ನೇಕಾರ. ಮನೆಯಲ್ಲಿ ಕಾಶವ್ವನೆಂಬ ಏಳು ವರ್ಷದ ಮಗಳಿದ್ದಳು.

ಮದುವೆಯಾದ ಕೆಲವು ತಿಂಗಳಿಗೆ, ಒಂದು ಮುಂಜಾನೆ, ಬಾಳವ್ವ ಬಟ್ಟೆಯ ಗಂಟು ಹಿಡಿದು ಮಠದ ಮೆಟ್ಟಿಲೇರಿದಳು.

“ಅಜ್ಜಾರ, ನಾ ತಿರುಗಿ ಬಂದೀನ್ರಿ. ಇನ್ನ ಇಲ್ಲೇ ಇರ್ತೀನಿ.”

“ಯಾಕವ್ವಾ? ಫಕೀರಪ್ಪ ಬೈದನೇನು?”

“ಅವರು ಬೈಯೂ ಪೈಕಿ ಅಲ್ರಿ. ಇಟ್ಟದ್ದು ಉಂಡು ಮಗ್ಗಕ್ಕ ಹೋಗ್ತಾರ. ಕೂಸು ಉಣ್ಣವಲ್ದ್ರಿ.”

“ಹಸಿವಿಲ್ಲೇನು ಅದಕ್ಕ?”

“ಹಸಿವು ಐತಿ. ಬಾಜೂ ಮನಿಗೆ ಹೋಗಿ ಉಂಡು ಬರ್ತೈತಿ. ನಾ ಇಟ್ಟದ್ದು ತಾಟಿನಾಗ ಹಂಗ ಇರ್ತೈತಿ. ಒಂದು ಕೂಸಿನ ಹೊಟ್ಟಿ ತುಂಬಸಲಾರದಾಕಿ ಆ ಮನಿಯಾಗ ಏನಾಗಿ ಇರ್ಲಿ?”

“ಅಡಿಗಿ ಕೆಟ್ಟಿರಬೇಕು.”

ಆ ಮಾತು ಬಾಳವ್ವನಿಗೆ ನಾಟಿತು.

“ನನ್ನ ಅಡಿಗಿ ಕೆಡ್ತೈತೇನ್ರಿ? ಬಿಸಿ ರೊಟ್ಟಿ, ಬದನಿಕಾಯಿ ಪಲ್ಯೆ, ಶೇಂಗಾ ಚಟ್ನಿ, ಎಲ್ಲಾ ನೀವು ಇಲ್ಲಿ ಕಲಿಸಿದ್ದ. ಅಳತಿ ತಪ್ಪಿಲ್ಲ, ಹೊತ್ತು ತಪ್ಪಿಲ್ಲ.”

“ಆತು. ಮಾತು ಆಮ್ಯಾಲೆ. ನನಗ ಹಸಿವಾಗೈತಿ, ಕಿಚಡಿ ಬಡಿಸು.”

ಅಜ್ಜನವರು ಕಂಬದ ಬಳಿ ಎಲೆ ಹಾಕಿಕೊಂಡು ಕುಳಿತರು. ಬಾಳವ್ವ ಕಿಚಡಿ ಬಡಿಸಿ ಒಳಗೆ ಹೋದಳು. ಮರಳಿ ಬಂದಾಗ ಎಲೆ ಖಾಲಿಯಾಗಿತ್ತು. ಮತ್ತೆ ಬಡಿಸಿದಳು. ಮತ್ತೆ ಖಾಲಿಯಾಯಿತು. ಅಜ್ಜನವರಿಗೆ ಇಂದು ನಿಜಕ್ಕೂ ಹಸಿವಾಗಿದೆ ಎಂದುಕೊಂಡು ಇನ್ನೊಮ್ಮೆ ಬಡಿಸಿದಳು.

ದೂರದಲ್ಲಿ ಯಾರೋ ನಕ್ಕರು.

ಬಾಳವ್ವ ತಲೆ ಎತ್ತಿದಳು. ಅಜ್ಜನವರು ಅಂಗಳದಾಚೆಯ ಬೇವಿನ ಮರದ ಕೆಳಗಿದ್ದರು. ಕಂಬದ ಬಳಿ ಮಠದ ಕರುವೊಂದು ಮೂತಿಯ ಮೇಲಿನ ಕಿಚಡಿಯನ್ನು ನೆಕ್ಕುತ್ತ ನಿಂತಿತ್ತು.

“ಪಾಪ, ಹೊಟ್ಟಿ ತುಂಬ ಉಂಡೈತಿ,” ಎಂದರು ಅಜ್ಜನವರು. “ಇನ್ನಷ್ಟು ಹಾಕ್ತೀಯೇನು?”

ಆಕೆಯ ಕಣ್ಣು ತುಂಬಿ ಬಂದವು. ಅದು ದುಃಖವಲ್ಲ, ಸಿಟ್ಟು.

“ಮುಖಾ ನೋಡಬ್ಯಾಡ ಅಂದವರು ನೀವು. ತಿಳಿವಳಿಕಿ ಬಂದಾಗಿಂದ ನಾ ಅದನ್ನ ಮೀರಿಲ್ಲ. ಈಗ ನೀವ ನಗ್ತೀರಿ.”

“ಅಂದದ್ದು ಖರೇ. ಇಲ್ಲಿ ಉಂಡವರು ಎದ್ದು ತಮ್ಮ ತಮ್ಮ ಮನಿಗೆ ಹೋಗ್ತಾರ. ಆ ಕೂಸಿಗೆ ಅದ ಮನಿ ಅಲ್ಲೇನು?”

ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕಾಶವ್ವ ನೋಡಾಕ ಹೆಂಗದಾಳ?” ಎಂದು ಅಜ್ಜನವರು ಕೇಳಿದರು.

“ಕೂದಲ ಉದ್ದ ಅದಾವ್ರಿ. ದಿನಾ ಎರಡು ಜಡಿ ಹಾಕ್ತೀನಿ.”

“ಅದು ಬೆನ್ನಿನ ಕಡೀದಾತು. ಮುಂದಿನ ಕಡೆ?”

ಬಾಳವ್ವ ನೆನಪಿಸಿಕೊಳ್ಳಲು ನೋಡಿದಳು. ಜಡೆ ನೆನಪಾಯಿತು, ಮುಖ ನೆನಪಾಗಲಿಲ್ಲ. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದಳು.

“ಹಂಗಾದ್ರ ಆ ಕೂಸಿಗೆ ಏನು ಬೇಯಿಸಲ್ರಿ?”

“ನನ್ನ ಕೇಳ್ತೀಯಲ್ಲ. ಆ ಮನಿಯಾಗ ಉಣ್ಣಾಂವ ನಾನೇನು?”

ಬಾಳವ್ವ ಗಂಟನ್ನು ಎತ್ತಿಕೊಂಡು ದೋಣಿಯ ಕಡೆಗೆ ನಡೆದಳು.

ಆ ಸಂಜೆ ಆಕೆ ಎಂದಿನಂತೆಯೇ ರೊಟ್ಟಿ ಬಡಿದಳು, ಪಲ್ಯ ಮಾಡಿದಳು. ಕಾಶವ್ವನ ಮುಂದೆ ತಾಟು ಇಟ್ಟಳು. ಆದರೆ ಒಲೆಯ ಕಡೆಗೆ ತಿರುಗಲಿಲ್ಲ. ಮಗುವಿನ ಎದುರಿಗೆ ಕುಳಿತಳು.

ಹುಡುಗಿ ಗಾಬರಿಯಾದಳು.

“ಏನು ನೋಡ್ತಿ?”

“ನಿನ್ನ.”

ಕಾಶವ್ವ ತುಟಿ ಬಿಗಿದುಕೊಂಡು ರೊಟ್ಟಿಯ ಅಂಚನ್ನು ಬಾಯಿಯ ಮೂಲೆಗೆ ಒತ್ತಿ ಎಳೆದಳು. ಅದು ಹರಿಯಲಿಲ್ಲ. ಇನ್ನೊಮ್ಮೆ ಎಳೆದಾಗ ತುಟಿ ಬಿಟ್ಟುಕೊಂಡವು. ಮುಂದಿನ ಹಲ್ಲುಗಳು ಮೇಲೆಯೂ ಇರಲಿಲ್ಲ, ಕೆಳಗೆಯೂ ಇರಲಿಲ್ಲ.

“ಹಲ್ಲು ಯಾವಾಗ ಬಿದ್ದವು?”

“ಬಿದ್ದು ಬಾಳ ದಿನಾ ಆತು.”

“ಒಂದು ಮಾತು ಹೇಳಬಾರದೇನವ್ವಾ?”

“ಬಾಜೂ ಮನಿ ಆಯಿಗೆ ನಾ ಹೇಳಲಿಲ್ಲ. ಆಕಿ ನೋಡಿದ್ಲು.” ಹುಡುಗಿ ತಾಟನ್ನು ಸ್ವಲ್ಪ ದೂಡಿದಳು. “ನೀ ನನ್ನ ಕಡೆ ನೋಡೂದ ಇಲ್ಲ. ನಾ ಅಂದ್ರ ನಿನಗ ಆಗೂದಿಲ್ಲ ಅಂತ ಮಾಡಿದ್ದೆ.”

ಬಾಳವ್ವ ಆ ರೊಟ್ಟಿಯನ್ನು ತೆಗೆದುಕೊಂಡು ಸಣ್ಣಗೆ ಮುರಿದಳು. ಬಿಸಿ ಹಾಲು ಹಾಕಿ, ಬೆಲ್ಲ ಕುಟ್ಟಿ ಸೇರಿಸಿ, ಬೆರಳಿನಿಂದ ಮೆತ್ತಗೆ ಕಿವುಚಿದಳು. ಮೊದಲ ತುತ್ತನ್ನು ಎತ್ತಿ ಹಿಡಿದಳು.

ಹುಡುಗಿ ಆ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಬಾಯಿ ತೆರೆದಳು.

“ಹೆಂಗೈತಿ?”

“ಬೆಲ್ಲಾ ಕಡಿಮಿ ಆಗೇತಿ.”

ಬಾಳವ್ವ ಬೆಲ್ಲದ ಡಬ್ಬಿಯನ್ನು ಕೆಳಗಿಳಿಸಿದಳು.

ಸುಗ್ಗಿ ಮುಗಿದ ಮೇಲೆ ತಾಯಿ ಮಗಳು ಇಬ್ಬರೂ ಮಠಕ್ಕೆ ಬಂದರು. ಬಾಳವ್ವ ಅಜ್ಜನವರಿಗೆ ನಮಸ್ಕರಿಸಿ, ಎದ್ದವಳೇ ದೂರು ಹೇಳತೊಡಗಿದಳು.

“ಅಜ್ಜಾರ, ಈಕಿಗೆ ನೀವರೆ ಒಂದೀಟು ಬುದ್ಧಿ ಹೇಳ್ರಿ. ದಿನಾ ಒಂದು ತಕರಾರು. ಇವತ್ತ ಸಾಸಿವಿ ಬ್ಯಾಡ, ನಾಳೆ ಖಾರ ಬ್ಯಾಡ. ಇಲ್ಲಿ ಪಂಕ್ತಿಯಾಗ ಕುಂತವರು ಒಬ್ಬರೂ ನನಗ ಹಿಂಗ ಅಂದದ್ದಿಲ್ಲ.”

ಅಜ್ಜನವರು ಹುಡುಗಿಯ ಕಡೆಗೆ ಬಾಗಿದರು.

“ಏನವ್ವಾ ಕಾಶವ್ವ, ಅವ್ವ ಚಲೋ ಅಡಿಗಿ ಮಾಡೂದಿಲ್ಲೇನು?”

“ಮಾಡ್ತಾಳ್ರಿ. ಆದ್ರ ನಿನ್ನೆ ನುಚ್ಚು ತಳಾ ಹಿಡಿಸಿದ್ಲು.”

“ಹಿಡಿಸಿದ್ದು ಯಾರ ದೆಸಿಯಿಂದ?” ಎಂದಳು ಬಾಳವ್ವ. “ಒಲಿ ಮುಂದ ಕುಂತು ಸಾಲಿ ಸುದ್ದಿ ಹೇಳಾಕ ಹತ್ತಿದ್ಲ್ರಿ. ಯಾವ ಹುಡುಗಿ ಯಾರನ್ನ ದೂಡಿದ್ಲು, ಮಾಸ್ತರು ಯಾರ ಕಿವಿ ಹಿಂಡಿದ್ರು. ಈಕಿ ಕೈ ತಿರುವಿ ತಿರುವಿ ಹೇಳೂದನ್ನ ನೋಡ್ಕೋತ ಕುಂತೆ. ಸೀದ ವಾಸನಿ ಮೂಗಿಗೆ ಬಡದಾಗ ಎಚ್ಚರಾತು.”

“ಆ ನುಚ್ಚು ಏನು ಮಾಡಿದ್ರಿ?”

“ಉಂಡ್ವಿ,” ಎಂದಳು ಕಾಶವ್ವ. “ತಳದ್ದು ಕೆರಕೊಂಡು ನಾನು, ಅಪ್ಪ ಜಗಳಾಡಿ ಉಂಡ್ವಿ. ಅವ್ವಗ ಸ್ವಲ್ಪನ ಉಳೀತು.”

ಬಾಳವ್ವ ನಾಚಿ ಸೆರಗಿನ ಅಂಚನ್ನು ಎಳೆದುಕೊಂಡಳು.

ಅಜ್ಜನವರು ಆಕೆಯ ಮುಖ ನೋಡಿದರು.

“ಇಷ್ಟು ವರ್ಷ ಉಣ್ಣಾಕ ಹಾಕಿದಿ,” ಎಂದರು. “ನನಗ ಒಂದು ದಿನಾನೂ ತಳಾ ಹಿಡಿಸಿ ಹಾಕಲಿಲ್ಲಲ್ಲವ್ವಾ.”