ಚೆಂಡೆಸೆಯುವ ಮುಂದಾಳು

ಬೇಸಿಗೆಯಲ್ಲೂ ಬತ್ತದ ಮಡುವೊಂದಕ್ಕಾಗಿ ಕಾಡಿನ ಪ್ರಾಣಿಗಳಿಗೂ ಗುಡ್ಡದಾಚೆಯ ಹಂದಿಗಳಿಗೂ ಚೆಂಡಾಟದ ಪಂದ್ಯ ಏರ್ಪಟ್ಟಿತು. ಚೆಂಡು ಹಿಡಿದು ಗೆರೆ ದಾಟಿದವರದ್ದೇ ಮಡು. ಚೆಂಡೆಸೆಯುವ ಮುಂದಾಳನ್ನು ಆರಿಸಲು ಕುಳಿತ ಗಿಳಿ ಹೇಳಿತು: "ಮುಸುವನ ಎಸೆತಗಳಲ್ಲಿ ಅರ್ಧ ನೆಲಕ್ಕೆ ಬಿದ್ದಿವೆ. ಮುಂಗುಸಿಯದ್ದು ಒಂದೂ ಬಿದ್ದಿಲ್ಲ. ಮುಂಗುಸಿಯೇ ಮುಂದಾಳು."

ಕರಿಮೂತಿಯ ಕೋತಿ ಮುಸುವನಿಗೆ ಮೈಯೆಲ್ಲ ಉರಿಯಿತು. "ಎದುರಾಳಿಗಳು ಮೇಲೆರಗುವಾಗ ನಾನು ದೂರದ ಜಿಂಕೆಗೆ ಎಸೆಯುತ್ತೇನೆ. ಮುಂಗುಸಿ ಪಕ್ಕದ ಆಮೆಯ ಕೈಗಿಡುತ್ತದೆ. ಎರಡೂ ಒಂದೇ ಏನು?"

"ಲೆಕ್ಕಕ್ಕೆ ಎರಡೂ ಎಸೆತವೇ," ಎಂದಿತು ಗಿಳಿ.

ಪಂದ್ಯದ ಕೊನೆಯ ಗಳಿಗೆಯಲ್ಲಿ ಜಿಂಕೆ ಗೆರೆಯ ಬಳಿ ಒಂಟಿಯಾಗಿ ನಿಂತು ಚೆಂಡಿಗಾಗಿ ಕೂಗಿತು. "ಎಸೆ!" ಎಂದು ಹೊರಗೆ ಕೂತಿದ್ದ ಮುಸುವ ಅರಚಿತು. ಹಂದಿಗಳು ನುಗ್ಗಿದ್ದೇ ತಡ, ಮುಂಗುಸಿ ಬೆದರಿ ಎಂದಿನಂತೆ ಆಮೆಗೆ ಚೆಂಡು ಕೊಟ್ಟಿತು. ಹಂದಿಗಳು ಆಮೆಯನ್ನು ಮಗುಚಿ, ಚೆಂಡು ಕಸಿದು, ಗೆರೆ ದಾಟಿದವು.

ಬಾಯಾರಿದ ಮರಿಗಳನ್ನು ಕಟ್ಟಿಕೊಂಡು ಎಲ್ಲರೂ ಮಡು ಬಿಟ್ಟು ಹೊರಟಾಗ ಗಿಳಿ ಸಮಾಧಾನ ಹೇಳಿತು: "ಏನೇ ಆಗಲಿ, ಇವತ್ತೂ ಮುಂಗುಸಿಯದ್ದು ನೂರಕ್ಕೆ ನೂರು."

ಮುಸುವ ಹಲ್ಲು ಕಡಿಯಿತು. "ಹಾಗಾದರೆ ಆ ನೂರನ್ನೇ ಈ ಮರಿಗಳಿಗೆ ಕುಡಿಸು!"