ಶಲ್ಯದೊಳಗಿನ ಮಾತು

"ಆಸ್ಥಾನಕ್ಕೆ ನಾನು ಒಯ್ದ ವ್ಯಾಜ್ಯ ಹದಿನೇಳು. ಹದಿನೇಳೂ ಗೆದ್ದಿದ್ದೇನೆ!"

ಮಣಿಪಟ್ಟಣದ ಸಾಹುಕಾರ ಹಂಪಣ್ಣ ಎದುರು ಸಿಕ್ಕವರಿಗೆಲ್ಲ ಹೀಗೆ ಜಂಬ ಕೊಚ್ಚುತ್ತಿದ್ದ. ಕೇಳಿದವರು ಹೌದೌದು ಎಂದು ತಲೆಯಾಡಿಸಿ ಬೇಗ ಪಕ್ಕದ ಬೀದಿ ಹಿಡಿಯುತ್ತಿದ್ದರು. ಹದಿನೆಂಟನೆಯದು ಎಲ್ಲಿ ತಮ್ಮ ತಲೆಗೆ ಬರುತ್ತದೋ ಎಂಬ ಭಯ.

ಅದು ಬಂದದ್ದು ಬಣ್ಣಗಾರ್ತಿ ಗುರವ್ವನ ತಲೆಗೆ.

ಗಂಡ ತೀರಿಕೊಂಡ ಮೇಲೆ ಹನ್ನೆರಡು ಬಾನಿಗಳ ಬಣ್ಣದ ಮನೆಯನ್ನು ಗುರವ್ವ ಒಬ್ಬಳೇ ನಡೆಸುತ್ತಿದ್ದಳು. ಅವಳು ಅದ್ದಿ ತೆಗೆದ ಕೆಂಪು ಬಟ್ಟೆಗೆ ದ್ವೀಪಾಂತರದಲ್ಲೂ ಬೇಡಿಕೆಯಿತ್ತು. ಹಂಪಣ್ಣನಿಗೆ ಆ ಮನೆಯ ಮೇಲೆ ಬಹಳ ದಿನದಿಂದ ಕಣ್ಣು.

ಮಣಿಪಟ್ಟಣದ ಪೇಟೆಯಲ್ಲಿ ಯಾರೂ ಬಾಯಿಬಿಟ್ಟು ಚೌಕಾಸಿ ಮಾಡುತ್ತಿರಲಿಲ್ಲ. ಇಬ್ಬರೂ ಒಂದು ಶಲ್ಯದ ಕೆಳಗೆ ಕೈಯಿಟ್ಟು, ಬೆರಳು ಒತ್ತಿಯೇ ವ್ಯಾಪಾರ ಕುದುರಿಸಬೇಕು. ಸುತ್ತ ನಿಂತವರಿಗೆ ಶಲ್ಯ ಅಲುಗಾಡುವುದಷ್ಟೇ ಕಾಣುತ್ತದೆ. ಗುರವ್ವ ಹತ್ತು ಗಂಟು ಬಟ್ಟೆ ಮಾರಲು ಹೋಗಿ ಹಂಪಣ್ಣನ ಶಲ್ಯದೊಳಗೆ ಕೈಯಿಟ್ಟಳು. ಕೈ ಹೊರಗೆ ಬಂದದ್ದೇ ತಡ, ಹಂಪಣ್ಣ ಕೂಗಿದ: "ಗುರವ್ವ ಬಣ್ಣದ ಮನೆಯನ್ನು ನನಗೆ ಕೊಟ್ಟುಬಿಟ್ಟಳು!" ಪಕ್ಕದಲ್ಲಿದ್ದ ಅವನ ಐದು ಆಳುಗಳೂ "ಹೌದು, ಕಂಡೆವು" ಎಂದರು.

ಗುರವ್ವ ಬಾಚರಸನ ಮನೆಗೆ ಓಡಿಬಂದಳು. ಬಾಚರಸ ವರ್ತಕರ ವ್ಯಾಜ್ಯಗಳನ್ನು ಆಸ್ಥಾನದಲ್ಲಿ ವಾದಿಸುವವನು. ಮೆಣಸು, ರೇಷ್ಮೆ, ಮುಳುಗಿದ ಹಡಗು, ತೇಲಿಬಂದ ಹಡಗು ಎಲ್ಲದಕ್ಕೂ ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದ.

"ಅಪ್ಪಾ, ಆ ಮನೆ ಹೋದ್ರೆ ನನಗೆ ಉಳಿಯೋದು ಈ ಕೆಂಪು ಕೈ ಎರಡೇ," ಎಂದಳು ಗುರವ್ವ.

"ಹೋಗೋಕೆ ಬಿಡಲ್ಲ ತಾಯಿ," ಎಂದುಬಿಟ್ಟ ಬಾಚರಸ. ಹೇಗೆ ಎಂಬುದು ಮಾತ್ರ ಆ ಕ್ಷಣ ಅವನಿಗೂ ಗೊತ್ತಿರಲಿಲ್ಲ.

ವ್ಯಾಜ್ಯ ಹಿಡಿದರೆ ಮೊದಲು ಪೇಟೆ, ಆಮೇಲೆ ಗ್ರಂಥ ಎನ್ನುವುದು ಅವನ ಪದ್ಧತಿ. ಎರಡು ದಿನ ದಲ್ಲಾಳಿಗಳ ಶಲ್ಯದೊಳಗೆಲ್ಲ ಕೈ ತೂರಿಸಿ ಮನೆಗೆ ಬಂದ. ಬಾಗಿಲಲ್ಲೇ ಹೆಂಡತಿ ತಿಮ್ಮಾಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಯಾರೋ ದಲ್ಲಾಳಿಗಳು ಎರಡು ಎತ್ತು ಹೊಡ್ಕೊಂಡು ಬಂದಿದ್ದಾರೆ. ನೀವು ಕೊಂಡಿದ್ದೀರಂತೆ! ಕಟ್ಟೋದು ಎಲ್ಲಿ, ನಿಮ್ಮ ಗ್ರಂಥದ ಕೋಣೆಯಲ್ಲೋ?"

"ನಾನೆಲ್ಲಿ ಕೊಂಡೆ! ಸುಮ್ಮನೆ ಕೈಯಿಟ್ಟಿದ್ದೆ ಮಾರಾಯ್ತಿ!"

ಎಂದವನೇ ಬಾಚರಸ ಹೊಸ್ತಿಲ ಮೇಲೆ ಹಾಗೇ ನಿಂತ. ಆಮೇಲೆ ಎತ್ತುಗಳ ಬೆನ್ನು ತಟ್ಟಿ ಜೋರಾಗಿ ನಕ್ಕುಬಿಟ್ಟ. ಗಂಡನಿಗೆ ತಲೆ ಕೆಟ್ಟಿತೆಂದುಕೊಂಡು ತಿಮ್ಮಾಜಮ್ಮ ಎತ್ತುಗಳಿಗೆ ಹುಲ್ಲು ತರಲು ಹೋದಳು.

ಮರುದಿನ ಆಸ್ಥಾನದಲ್ಲಿ ಅರಸ ಬೊಮ್ಮರಾಯ ಮುಖ ಸಿಂಡರಿಸಿಕೊಂಡು ಕುಳಿತಿದ್ದ.

"ಬಾಚರಸ, ಅತ್ತ ಐದು ಜನ ಸಾಕ್ಷಿ, ಇತ್ತ ಒಬ್ಬಳ ಅಳು. ಆ ಶಲ್ಯದೊಳಗೆ ನಡೆದದ್ದನ್ನು ನನ್ನ ಕಣ್ಣಿಗೆ ತೋರಿಸು. ಮಧ್ಯಾಹ್ನದ ನಗಾರಿ ಮೊಳಗುವುದರೊಳಗೆ ತೋರಿಸದಿದ್ದರೆ ಬಣ್ಣದ ಮನೆ ಸಾಹುಕಾರನದು."

ಬಾಚರಸ ನಗುಮುಖದಿಂದಲೇ ಕೈಮುಗಿದ.

"ಅಪ್ಪಣೆ, ಮಹಾಸ್ವಾಮಿ. ಸಾಹುಕಾರರೇ, ಪೇಟೆಯ ಕಟ್ಟಳೆ ಏನು, ಸಭೆಗೆ ಒಮ್ಮೆ ಹೇಳಿಬಿಡಿ."

ಹಂಪಣ್ಣ ಎದೆಯುಬ್ಬಿಸಿದ. "ಅಷ್ಟೂ ಗೊತ್ತಿಲ್ಲವೇ? ಶಲ್ಯದೊಳಗೆ ಕೈಯಿಟ್ಟವರಲ್ಲಿ ಯಾರು ಮೊದಲು ಕೂಗಿ ಹೇಳುತ್ತಾರೋ ಅವರ ಮಾತೇ ಮಾತು. ಶಲ್ಯ ಅಲುಗಾಡಿದ್ದನ್ನು ಕಂಡವರೇ ಸಾಕ್ಷಿ."

"ಎರಡನೆಯವರು ಇಲ್ಲವೆಂದರೆ?"

"ಎಲ್ಲರೂ ಆಮೇಲೆ ಇಲ್ಲ ಅಂತಾರೆ. ಅದಕ್ಕೆ ಬೆಲೆಯಿಲ್ಲ!"

"ಬರೆದುಕೊಂಡಿರಾ?" ಎಂದು ಬಾಚರಸ ಕರಣಿಕನತ್ತ ತಿರುಗಿದ. ಕರಣಿಕ ತಲೆಯಾಡಿಸಿದ. "ಹಾಗಾದರೆ ಸಾಹುಕಾರರೇ, ಅಂದು ನಡೆದಂತೆಯೇ ಇಲ್ಲಿ ತೋರಿಸಿ. ನಾನು ಗುರವ್ವ ಅಂದುಕೊಳ್ಳಿ."

ಹಂಪಣ್ಣ ಉತ್ಸಾಹದಿಂದ ತನ್ನ ಜರತಾರಿ ಶಲ್ಯವನ್ನು ಹಾಸಿ ಹಿಡಿದ. ಇಬ್ಬರ ಕೈಯೂ ಒಳಗೆ ಹೋಯಿತು. ಶಲ್ಯ ಎರಡು ಸಲ ಅಲುಗಾಡಿತು. ಬಾಚರಸ ಸರಕ್ಕನೆ ಕೈ ಎಳೆದುಕೊಂಡು ಕಂಬಗಳು ಗುಂಯ್‌ಗುಡುವಂತೆ ಕೂಗಿದ:

"ಸಾಹುಕಾರರು ತಮ್ಮ ಮೂರು ಹಡಗುಗಳನ್ನೂ ಗುರವ್ವನಿಗೆ ಕೊಟ್ಟುಬಿಟ್ಟರು!"

ಹಂಪಣ್ಣ ಬಾಯಿ ತೆರೆಯುವ ಮೊದಲೇ ಐದು ಆಳುಗಳೂ ರೂಢಿಬಲದಿಂದ ಒಟ್ಟಿಗೇ ಹೇಳಿದರು: "ಹೌದು, ಕಂಡೆವು!"

ಸಭೆ ಗೊಳ್ಳೆಂದಿತು. ಹಂಪಣ್ಣ ಆಳುಗಳತ್ತ ಹಲ್ಲು ಕಡಿದ. ಆಮೇಲೆ ಅರಸನ ಮುಂದೆ ಕುಣಿದಾಡತೊಡಗಿದ. "ಸುಳ್ಳು ಮಹಾಸ್ವಾಮಿ, ಸುಳ್ಳು! ನಾನು ಏನನ್ನೂ ಕೊಟ್ಟಿಲ್ಲ!"

"ಎಲ್ಲರೂ ಆಮೇಲೆ ಇಲ್ಲ ಅಂತಾರೆ," ಎಂದ ಬಾಚರಸ ಮೆಲ್ಲಗೆ.

"ಬಟ್ಟೆಯ ಕೆಳಗೆ ಏನಾಯಿತೆಂದು ಇವರಿಗೆ ಹೇಗೆ ಕಾಣುತ್ತದೆ? ಒಬ್ಬ ಬಾಯಿಗೆ ಬಂದದ್ದನ್ನು ಕೂಗಿದರೆ ಇನ್ನೊಬ್ಬನ ಆಸ್ತಿ ಹೋಗಿಬಿಡುತ್ತದೆಯೇ? ಇದು ನ್ಯಾಯವೇ, ಮಹಾಸ್ವಾಮಿ?" ಎಂದು ಹಂಪಣ್ಣ ಅರಚಿದ.

ಬಾಚರಸ ಅರಸನಿಗೆ ಬಾಗಿ ನಮಸ್ಕರಿಸಿದ.

"ಗುರವ್ವನ ಪರವಾಗಿ ನಾನು ಹೇಳಬೇಕೆಂದಿದ್ದದ್ದು ಇಷ್ಟೇ, ಮಹಾಸ್ವಾಮಿ. ಸಾಹುಕಾರರು ನನಗಿಂತ ಚೆನ್ನಾಗಿ ವಾದಿಸಿದರು. ಅವರು ಈಗ ಹೇಳಿದ ಮಾತು ನಿಜವಾದರೆ ಬಣ್ಣದ ಮನೆ ಗುರವ್ವನದು. ಸುಳ್ಳಾದರೆ ಮನೆ ಅವರದು, ಮೂರು ಹಡಗುಗಳು ಗುರವ್ವನವು. ಯಾವುದೆಂದು ಅವರೇ ಆರಿಸಲಿ."

ಹಂಪಣ್ಣ ಹಡಗುಗಳನ್ನು ನೆನೆದು ಬೆವರಿದ. "ನಿಜ ಮಹಾಸ್ವಾಮಿ, ನನ್ನ ಮಾತೇ ನಿಜ. ಬಣ್ಣದ ಮನೆ ಅವಳದೇ," ಎಂದ. ಅಷ್ಟರಲ್ಲಿ ಮಧ್ಯಾಹ್ನದ ನಗಾರಿ ಮೊಳಗಿತು. ಗುರವ್ವ ಕೆಂಪು ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತಳು, ಸಂತೋಷಕ್ಕೆ.

ಅರಸ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಬಾಚರಸನಿಗೆ ಹೊದಿಸಲು ದೊಡ್ಡದೊಂದು ಶಾಲು ತರಿಸಿ ಸಿಂಹಾಸನದಿಂದ ಇಳಿದುಬಂದ. ಹತ್ತಿರ ಬಂದವನು ಯಾಕೋ ತಟ್ಟನೆ ನಿಂತ.

"ಬಾಚರಸ, ಈ ಶಾಲು ಹೊದಿಸುತ್ತೇನೆ. ಆದರೆ ಹೊದಿಸಿ ಮುಗಿಯುವವರೆಗೂ ನಿನ್ನ ಎರಡು ಕೈಯನ್ನೂ ಮೇಲೆತ್ತಿ ಹಿಡಿದಿರು. ನನಗಿರುವುದು ಒಂದೇ ರಾಜ್ಯ!"