ಕೊಂಬು ಹಿಡಿದವಳು

ಶಿವಬಸವನೆಂಬ ಶಿಷ್ಯ ಗುರುಗಳನ್ನು ಕೇಳಿದ:

"ಗುರುಗಳೇ, ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಅವಳು ತೀರಿಕೊಂಡು ಮೂರು ತಿಂಗಳಾಯಿತು. ನೆನೆಯಲು ಕುಳಿತರೆ ಅವಳ ತಪ್ಪುಗಳೇ ಮುಂದೆ ಬರುತ್ತವೆ. ಒಂದು ಸಲ ನೆಂಟರೆದುರು ಕೆನ್ನೆಗೆ ಹೊಡೆದದ್ದು. ಇನ್ನೊಂದು ಸಲ ಮದುವೆ ಮನೆಯಲ್ಲಿ ನನ್ನನ್ನು ಮರೆತು ಬಂದದ್ದು. ಈ ಎರಡು ಬಿಟ್ಟರೆ, ಮಾಡಿದ ಉಪಕಾರ ಒಂದೂ ನೆನಪಾಗುವುದಿಲ್ಲ. ನಾನು ಅಷ್ಟು ಕೃತಘ್ನನೇ?"

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗೊಂಬೆಗಾರನಿದ್ದ. ಅಂಗೈಯಲ್ಲಿ ಕೂರುವಂಥ ಮರದ ಬಂಡಿಗಳನ್ನು ಮಾಡುತ್ತಿದ್ದ. ಗಾಲಿ, ನೊಗ, ಎತ್ತಿನ ಕೊಂಬು, ಬಂಡಿ ಹೊಡೆಯುವವನ ರುಮಾಲು, ಎಲ್ಲ ಬಿಡಿಬಿಡಿ. ಕೂಡಿಸಿದ ಮೇಲೆ ಸಂದುಗಳಿಗೆ ಕುಂಚ ಹೋಗದು. ಆದ್ದರಿಂದ ಪ್ರತಿಯೊಂದಕ್ಕೂ ಮೊದಲೇ ಬಣ್ಣ ಹಚ್ಚಿ, ಒಣಗಿಸಿ, ಆಮೇಲೆ ಅಂಟಿಸಬೇಕು.

ಹಚ್ಚುವುದು ಕಷ್ಟವಲ್ಲ. ಹಿಡಿಯುವುದು ಕಷ್ಟ. ಭತ್ತದ ಕಾಳಿನಷ್ಟು ಕೊಂಬನ್ನು ಎಲ್ಲಿ ಹಿಡಿದರೂ ಬೆರಳಿಗೇ ಬಣ್ಣ. ಮುಳ್ಳು ಚುಚ್ಚಿದರೆ ಸೀಳುತ್ತದೆ. ಹಾಗಾಗಿ ಹೆಂಡತಿ ಎದುರಿಗೆ ಕೂತು ಎರಡು ಉಗುರುಗಳ ತುದಿಯಲ್ಲಿ ಹಿಡಿಯುತ್ತಿದ್ದಳು, ಇವನು ಹಚ್ಚುತ್ತಿದ್ದ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಗೆರೆ ಎಲ್ಲೂ ಅಲುಗುತ್ತಿರಲಿಲ್ಲ. ಇವನ ಕೈಯ ಹದವನ್ನು ಸುತ್ತಲಿನ ಊರುಗಳೆಲ್ಲ ಹೊಗಳಿದವು. ಅವನೂ ನಂಬಿದ.

ಉಗುರು ತಾಗಿದಲ್ಲಿ ಮಾತ್ರ ಸಾಸಿವೆಯಷ್ಟು ಜಾಗ ಬರಿದಾಗಿ ಉಳಿಯುತ್ತಿತ್ತು. ಒಣಗಿದ ಮೇಲೆ ಅದನ್ನು ಅವನು ಕುಂಚದ ತುದಿಯಿಂದ ಮುಚ್ಚುತ್ತಿದ್ದ. ಮುಚ್ಚುವಾಗಲೆಲ್ಲ ಗೊಣಗುತ್ತಿದ್ದ.

"ನೋಡು, ಇಲ್ಲೂ ಬಿಟ್ಟಿದ್ದೀಯ."

"ನಾಳೆಯಿಂದ ಗಾಳಿಯನ್ನೇ ಕರೆದು ಕೂರಿಸಿಕೊಳ್ಳಿ. ಅದಕ್ಕೆ ಉಗುರಿಲ್ಲ" ಎಂದು ಅವಳು ನಗುತ್ತಿದ್ದಳು.

ಒಂದು ದಿನ ವ್ಯಾಪಾರಿ ಬಂದು ಬಂಡಿಗಳನ್ನು ತಿರುಗಿಸಿ ನೋಡಿದ. ಒಂದು ಕೊಂಬಿನ ಮೇಲೆ ಬಿಳಿಯ ಚುಕ್ಕೆ ಉಳಿದಿತ್ತು. "ಈ ಎತ್ತಿನ ಕೊಂಬಿಗೆ ಹುಳು ಹಿಡಿದಿದೆಯಲ್ಲ, ಯಜಮಾನರೇ" ಎಂದು ನಕ್ಕ. ಗೊಂಬೆಗಾರನ ಮುಖ ಕಪ್ಪಿಟ್ಟಿತು. ಮುಚ್ಚಲು ಮರೆತವನು ತಾನೇ ಎಂಬುದು ಅವನಿಗೆ ಗೊತ್ತಿತ್ತು. ಆದರೂ ಹೆಂಡತಿಯ ಕಡೆ ತಿರುಗಿ, "ಇರುವುದೊಂದು ಹಿಡಿಯುವ ಕೆಲಸ. ಅದೂ ನೆಟ್ಟಗೆ ಬಾರದು" ಎಂದ.

ಅವಳು ಬಂಡಿಯನ್ನು ತೆಗೆದುಕೊಂಡು, ಆ ಕೊಂಬು ಅವನ ಕಡೆಗೆ ಬರುವಂತೆ ಹಿಡಿದಳು. ಅವನು ಚುಕ್ಕೆಯನ್ನು ಮುಚ್ಚಿದ.

ಮರುದಿನ ಅವಳು ಎಂದಿನಂತೆ ಎದುರಿಗೆ ಬಂದು ಕೂತಳು. ಅವನು ಗೊಣಗಿದಾಗ ಉತ್ತರ ಕೊಡುವುದನ್ನು ಮಾತ್ರ ಬಿಟ್ಟಳು. ಆಡಿದ್ದು ತಪ್ಪು ಎಂದು ಹೇಳಬೇಕೆಂದು ಅವನಿಗೂ ಅನ್ನಿಸುತ್ತಿತ್ತು. ಈ ಬಂಡಿಗಳು ಮುಗಿಯಲಿ ಎಂದುಕೊಂಡ. ಅವು ಮುಗಿದು ಬೇರೆ ಬಂದವು. ಎರಡು ವರ್ಷ ಕಳೆಯಿತು. ಅವಳು ಜ್ವರದಲ್ಲಿ ತೀರಿಕೊಂಡಳು.

ಆಮೇಲೆ ಅವನು ಕಡ್ಡಿಯ ತುದಿಗೆ ಮೇಣ ಮೆತ್ತಿ ಕೊಂಬನ್ನು ನಿಲ್ಲಿಸಿದ. ಮೇಣ ಚೆನ್ನಾಗಿಯೇ ಹಿಡಿಯಿತು. ಆದರೆ ಕುಂಚ ಅಂಚಿಗೆ ಬಂದಾಗ ಕೊಂಬು ತಿರುಗಲಿಲ್ಲ. ಕೈಯೇ ಬಳಸಿಕೊಂಡು ಹೋಗಬೇಕಾಯಿತು. ಗೆರೆ ನಡುಗಿತು. ಇನ್ನೊಂದನ್ನು ನಿಲ್ಲಿಸಿದ. ಅದೂ ನಡುಗಿತು. ಇಷ್ಟು ವರ್ಷ ತನ್ನ ಕೈ ಇದ್ದಲ್ಲೇ ಇತ್ತು, ಕೊಂಬೇ ಕುಂಚದ ಕೆಳಗೆ ತಿರುಗುತ್ತಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಹೇಳಿಸಿಕೊಳ್ಳದೆ ಅವಳು ತಿರುಗಿಸುತ್ತಿದ್ದಳು. ಒಮ್ಮೆಯೂ ಅವನು ಅದನ್ನು ಕಂಡಿರಲಿಲ್ಲ.

ಕುಂಚ ಕೆಳಗಿಟ್ಟ. ಅವಳ ಉಗುರಿನ ಗುರುತು ಒಂದನ್ನಾದರೂ ನೋಡಬೇಕೆನ್ನಿಸಿತು. ಮನೆಯಲ್ಲಿದ್ದ ಬಂಡಿಗಳನ್ನೆಲ್ಲ ಬಿಸಿಲಿಗೆ ತಂದು ಒಂದೊಂದನ್ನೂ ತಿರುವಿ ನೋಡಿದ. ಎಲ್ಲ ಗುರುತೂ ಮುಚ್ಚಿತ್ತು. ಮುಚ್ಚಿದವನು ಅವನೇ. ಎದ್ದು ವ್ಯಾಪಾರಿಯ ಅಂಗಡಿಗೆ ನಡೆದ.

"ಚುಕ್ಕೆ ಉಳಿದ ಬಂಡಿ ಒಂದಿದ್ದರೆ ಕೊಡಿ. ಬದಲಿಗೆ ಎರಡು ಕೊಡುತ್ತೇನೆ."

"ನಿಮ್ಮ ಕೈಯ ಸಾಮಾನಿನಲ್ಲಿ ಕುಂದೇ?" ಎಂದ ವ್ಯಾಪಾರಿ, ಅಭಿಮಾನದಿಂದ. "ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ, ಯಜಮಾನರೇ."

ಈ ಒಂದು ಮಾತನ್ನು ಕೇಳಲೆಂದೇ ಅವನು ಜೀವಮಾನವೆಲ್ಲ ದುಡಿದಿದ್ದ. ಕೈ ಮುಗಿದು, ಬರಿಗೈಯಲ್ಲಿ ಮನೆಗೆ ಬಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಅವನಿಗೆ ಕಡೆಗೂ ಒಂದು ಚುಕ್ಕೆ ಸಿಗಲಿಲ್ಲವೇ?" ಎಂದು ಶಿವಬಸವ ಕೇಳಿದ.

"ಇಲ್ಲ. ನಿನಗೆ ಅಕ್ಕನವು ಎರಡು ಸಿಕ್ಕಿವೆ; ಅವಳು ಹಿಡಿದಿದ್ದ ಮಿಕ್ಕ ಕಡೆಯೆಲ್ಲ ನೀನೇ ಬಣ್ಣ ಹಚ್ಚಿ ‘ನನ್ನದು’ ಎಂದುಕೊಂಡಿದ್ದೀಯ."